ನಾಲಿಗೆಯ ಮೇಲಿನ ಕೆರೆ

ನಮ್ಮೂರಿನ ಕೆರೆಯ ಮೇಲೆ ನಿಲ್ಲಬಾರದು. ನಡೆಯಬಹುದು, ಓಡಬಹುದು, ತಲೆಯ ಮೇಲೆ ಹೊರೆ ಹೊತ್ತು ದಾಪುಗಾಲು ಹಾಕಬಹುದು. ನಿಂತರೆ ಮಾತ್ರ ಕೆರೆ ಕಾಲು ಹಿಡಿಯುತ್ತದೆ. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು, ಆಮೇಲೆ ಏನಾಯಿತೆಂದು ಬಂದು ಹೇಳಿದವರು ಯಾರೂ ಇಲ್ಲ. ದಂಡೆಯುದ್ದಕ್ಕೂ ಕೂವೆ ಗೆಡ್ಡೆ ಬೆಳೆದು, ಕೊಳೆತು, ಮಳೆಗೆ ತೊಳೆದುಹೋಗಿ ನೀರಿಗೆ ಸೇರುತ್ತದೆ. ಅದಕ್ಕೇ ಕೆರೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ, ದೋಸೆ ಹಿಟ್ಟಿನಷ್ಟು ಮಂದ. ಬಿರುಸಾಗಿ ಕಾಲಿಟ್ಟರೆ ಕಣದ ನೆಲದ ಹಾಗೆ ಗಟ್ಟಿ, ಮೆಲ್ಲಗೆ ಇಟ್ಟರೆ ಹಿಟ್ಟು. ದೋಣಿ ಹಾಕಿ ನೋಡಿದವರಿದ್ದಾರೆ. ಹುಟ್ಟು ಹಾಕಿದರೆ ಕಲ್ಲಿಗೆ ಹೊಡೆದ ಹಾಗಾಗಿ ಮುರಿಯುತ್ತದೆ. ಊರು ಎರಡೂ ದಡದಲ್ಲಿದೆ, ಹಿಂದೆ ಏರಲಾಗದ ಬೆಟ್ಟ. ಹಾಗಾಗಿ ನಡೆಯುತ್ತೇವೆ.

ನಡೆದೂ ನಡೆದೂ ಎಲ್ಲಕ್ಕೂ ಒಗ್ಗಿಹೋಗಿದ್ದೇವೆ. ಎದುರು ಸಿಕ್ಕವರು ‘ಚೆನ್ನಾಗಿದೀಯಾ’ ಎಂದು ಕೇಳಿದರೆ, ಉತ್ತರವನ್ನು ಅವರು ದಾಟಿ ಹೋದ ಮೇಲೆ ಹೆಗಲ ಮೇಲಿಂದ ಕೂಗಿ ಹೇಳುವುದು ವಾಡಿಕೆ. ಹೆಣ್ಣು ನೋಡಲು ಬಂದವರು ಮುಖಕ್ಕಿಂತ ನಡಿಗೆಯನ್ನೇ ಹೆಚ್ಚು ನೋಡುತ್ತಾರೆ. ನಡುಗೆರೆಗೆ ಹೋದ ಮೇಲೆ ಮನೆಯ ಬೀಗ ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದರೆ ನಿಂತು ಯೋಚಿಸುವಂತಿಲ್ಲ, ಸುತ್ತು ಹೊಡೆಯುತ್ತಲೇ ಯೋಚಿಸಬೇಕು. ನಮ್ಮ ಕೆರೆಯ ಮೇಲೆ ಯಾವಾಗ ನೋಡಿದರೂ ಒಬ್ಬರಾದರೂ ಹಾಗೆ ಗಾಣದೆತ್ತಿನಂತೆ ಸುತ್ತುತ್ತಿರುತ್ತಾರೆ. ಎಲ್ಲಕ್ಕಿಂತ ಚೆನ್ನಾಗಿ ದಾಟುವವರು ಜಗಳವಾಡುವವರು. ‘ಸಿಟ್ಟಿರೋರು ಮುಳುಗಲ್ಲ’ ಎನ್ನುವುದು ನಮ್ಮ ಕಡೆಯ ಗಾದೆ. ಹೊಸದಾಗಿ ಮದುವೆಯಾದವರನ್ನು ಜೊತೆಯಲ್ಲಿ ಕಳಿಸಲು ಹೆದರುತ್ತೇವೆ. ಅವರು ಮೆಲ್ಲಗೆ ನಡೆಯುತ್ತಾರೆ.

ಆ ಕೆರೆಯ ರುಚಿ ನೋಡುವುದು ನನ್ನ ಕೆಲಸ. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಹೊಟ್ಟೆಗೆ ಏನೂ ಹಾಕದೆ ಮೆಟ್ಟಿಲಿಳಿದು, ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು, ಒಂದು ಉಸಿರು ಎಳೆದು ಬಿಡುವುದರೊಳಗೆ ಹೇಳಬೇಕು, ಸಪ್ಪೆಯೋ ಸಿಹಿಯೋ ಎಂದು. ಆಮೇಲೆ ಮೆಟ್ಟಿಲ ಪಕ್ಕದಲ್ಲಿ ತೋಡಿರುವ ಮಣ್ಣಿನ ಗುಂಡಿಗೆ ಉಗುಳಬೇಕು. ಕೆರೆಗೆ ಉಗುಳುವುದು ನಮ್ಮಲ್ಲಿ ಕೊಲೆಗೆ ಸಮ. ಮಕ್ಕಳಿಗೆ ಮಾತು ಬರುವ ಮೊದಲೇ ಅದನ್ನು ಕಲಿಸಿರುತ್ತೇವೆ. ಸಪ್ಪೆಯಾದರೆ ಊರು ನಡೆಯುತ್ತದೆ. ಸಿಹಿಯಾದರೆ ಕಂಬಕ್ಕೆ ಕೆಂಪು ಬಟ್ಟೆ ಏರುತ್ತದೆ. ಆಗ ಮನೆಮನೆಯಿಂದ ಕೂವೆ ಹಿಟ್ಟು ತಂದು ಸುರಿದು, ಅದು ಬೆರೆತು ಕೆರೆ ಮತ್ತೆ ಗಟ್ಟಿಯಾಗಲು ವಾರದ ಮೇಲೆ ಬೇಕು. ಅಲ್ಲಿಯವರೆಗೆ ಈ ದಡದವರು ಈ ದಡಕ್ಕೆ, ಆ ದಡದವರು ಆ ದಡಕ್ಕೆ.

ಈ ವಿದ್ಯೆ ಕಲಿಸಿದವಳು ನನ್ನ ದೊಡ್ಡವ್ವ. ಅವಳು ಹೇಳುತ್ತಿದ್ದ ಮಾತು ಇಷ್ಟು: “ಕೂವೆ ಅಂದ್ರೆ ಏನು ಅಂದ್ಕಂಡಿದ್ದೀಯೆ? ಸಕ್ಕರೆ ಮಣಿನೇ ಕಣೆ, ಉದ್ದಕ್ಕೆ ಸರ ಪೋಣಿಸೈತೆ. ಸರದಲ್ಲಿ ಇರೋಗಂಟ ಸಪ್ಪೆ. ಒಂದರ ಕೈ ಒಂದು ಹಿಡ್ಕಂಡಿರ್ತವೆ, ಅದಕ್ಕೇ ನಿನ್ ಭಾರ ತಡೀತವೆ. ದಾರ ಹರೀತು ಅಂದ್ರೆ ಮಣಿ ಉದುರಿ ಸಿಹಿ ಆಗ್ತದೆ. ಕೆರೆ ಸಿಹಿ ಆಯ್ತು ಅಂದ್ರೆ ಕೈ ಬಿಡ್ತು ಅಂತ್ಲೇ ತಿಳ್ಕೋ.” ಇನ್ನೊಂದು ಮಾತನ್ನು ಕಿವಿ ಹಿಂಡಿ ಹೇಳಿದ್ದಳು. “ನಮ್ ಎಂಜಲಿಗೂ ದಾರ ಕಡಿಯೋ ಗುಣ ಐತೆ. ಬಾಯಲ್ಲಿ ಹೆಚ್ಚೊತ್ತು ಮಡಿಕ್ಕಂಡ್ರೆ ಎಂಥಾ ಗಟ್ಟಿ ಕೆರೆನೂ ಸಿಹಿನೇ. ಆಗ ಸಿಹಿಯಾಗಿದ್ದು ಕೆರೆಯಲ್ಲ, ನಿನ್ ಬಾಯಿ. ಬೇಗ ನೋಡು, ಬೇಗ ಉಗಿ.”

ಬೇಗ ನೋಡಿ ಬೇಗ ಉಗಿಯುವುದು ನನ್ನಂಥವಳಿಗೆ ಸುಲಭವಲ್ಲ. ನಾನು ಹುಟ್ಟು ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಯಾರಿಗೇನಾಯಿತೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಹಾಲು ಉಕ್ಕದಿದ್ದರೆ ಯಾಕೆ ಉಕ್ಕಲಿಲ್ಲವೋ ಎಂದು ಹೆದರುತ್ತೇನೆ. ದೊಡ್ಡವ್ವ ನನ್ನನ್ನು ಆರಿಸಿದ್ದೂ ಅದಕ್ಕೇ. ಧೈರ್ಯಸ್ಥರ ನಾಲಿಗೆಗೆ ಎಲ್ಲವೂ ಸಪ್ಪೆ, ಅಂಥವರ ಕೈಗೆ ಕೆರೆ ಕೊಟ್ಟರೆ ಊರು ಮುಳುಗುತ್ತದೆ ಎನ್ನುತ್ತಿದ್ದಳು.

ನಮ್ಮ ಅವ್ವ ಹೋದದ್ದು ದೊಡ್ಡವ್ವ ಏರಿಸಿದ ಕೊನೆಯ ಕೆಂಪು ಬಟ್ಟೆಯ ವಾರದಲ್ಲಿ. ತಂಗಿ ಪದುಮಳನ್ನು ಆ ದಡಕ್ಕೆ ಕೊಟ್ಟು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವಳು ದಾಟಲಾಗದೆ ಆ ದಡದ ಮೆಟ್ಟಿಲ ಮೇಲೆ ಕೂತು, ಈ ದಡದಲ್ಲಿ ಎದ್ದ ಚಿತೆಯ ಹೊಗೆಯನ್ನು ನೋಡಿದಳು. ಅಂದಿನಿಂದ ಬಂದಾಗಲೆಲ್ಲ ಒಂದೇ ಪ್ರಶ್ನೆ. “ಅಕ್ಕ, ಅವ್ವ ಕೊನೇಲಿ ಏನಂದ್ಲು?” ನಾನು ಒಲೆ ಊದುತ್ತಲೋ ಸೆರಗು ಸರಿಮಾಡಿಕೊಳ್ಳುತ್ತಲೋ, “ಏನೂ ಅನ್ನಲಿಲ್ಲ ಕಣೆ, ನಿದ್ದೇಲಿ ಹೋದ್ಲು” ಎನ್ನುತ್ತಿದ್ದೆ. ಅವಳು ನಂಬುತ್ತಿರಲಿಲ್ಲ. ಆದರೆ ಕೇಳುವುದನ್ನು ಬಿಡುತ್ತಲೂ ಇರಲಿಲ್ಲ.

ಈ ವರ್ಷ, ಹರಕೆ ಹೊತ್ತು ಹೊತ್ತು ಎಲ್ಲರೂ ಕೈಬಿಟ್ಟ ಮೇಲೆ, ಪದುಮ ಬಸುರಿಯಾದಳು. ಚೊಚ್ಚಲು ತವರಿನಲ್ಲಿ. ತವರೆಂದರೆ ಈಗ ನಾನೇ. ಆಸ್ಪತ್ರೆಯೂ ಈ ದಡದಲ್ಲೇ ಇದೆ. ಅವಳ ಗಂಡ ಕೂವೆ ಅಗೆಯುವವರ ಜೊತೆ ಬೆಟ್ಟದ ತಪ್ಪಲಿಗೆ ಹೋಗಿದ್ದ, ಮನೆಯಲ್ಲಿ ಅತ್ತೆ ಪುಟ್ಟಲಿಂಗವ್ವ ಒಬ್ಬಳೇ. ಆ ದಡದ ಬಸುರಿಯರನ್ನು ನೋಡಿ ಬರುವ ನರ್ಸಮ್ಮ ಫಿಲೋಮಿನಾ ಹಿಂದಿನ ದಿನ ನನ್ನ ಮನೆಯ ಬಾಗಿಲಲ್ಲಿ ನಿಂತು ಹೇಳಿದ್ದರು. “ಸಿಂಗಾರಮ್ಮ, ನಿಮ್ಮ ತಂಗಿ ಕಾಲು ಊದಿದೆ, ಒತ್ತಿದರೆ ಗುಣಿ ಬೀಳುತ್ತೆ. ಬಿ.ಪಿ. ಜಾಸ್ತಿ ಇದೆ. ತಲೆನೋವು ಅಂತಿದಾಳೆ. ನಾಳೆನೇ ಕರ್ಕೊಂಡು ಬನ್ನಿ. ನಾಳಿದ್ದು ಅನ್ಬೇಡಿ.” ಆ ರಾತ್ರಿ ನನಗೆ ರೆಪ್ಪೆ ಅಂಟಲಿಲ್ಲ.

ಬೆಳಿಗ್ಗೆ ಮೆಟ್ಟಿಲಿಳಿದು ಬೆರಳು ಅದ್ದಿ ನಾಲಿಗೆಗಿಟ್ಟೆ. ಕಣ್ಣು ಆ ದಡಕ್ಕೆ ಹೋಯಿತು. ಊದಿದ ಕಾಲಲ್ಲಿ ಇವಳು ಹೇಗೆ ಬಿರುಸಾಗಿ ನಡೆದಾಳು, ನಡುವೆ ಸುಸ್ತಾದರೆ ಏನು ಮಾಡುವುದು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನಾಲಿಗೆಗೆ ಸಿಹಿ ತಾಗಿತು.

ಗುಂಡಿಗೆ ಉಗಿದೆ. ಎಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದೆ? ಒಂದು ಉಸಿರೋ, ನಾಲ್ಕೋ, ನೆನಪಿರಲಿಲ್ಲ. ಬಾಯಿ ಮುಕ್ಕಳಿಸಿ ಮತ್ತೆ ನೋಡಿದೆ. ಸಿಹಿ. ಆದರೆ ಈ ಸಲ ಸಿಹಿ ಇದೆಯೇ ಎಂದು ಹುಡುಕುತ್ತಲೇ ನೋಡಿದ್ದೆ, ಹುಡುಕುವಾಗ ಯಾರಿಗಾದರೂ ಹೊತ್ತು ಜಾಸ್ತಿಯೇ ಹಿಡಿಯುತ್ತದೆ. ಮೂರನೆಯ ಸಲ ಇಟ್ಟ ತಕ್ಷಣ ಉಗಿದೆ. ಏನೂ ಗೊತ್ತಾಗಲಿಲ್ಲ. ಕೆಂಪು ಬಟ್ಟೆಯನ್ನು ಮಡಿಲಲ್ಲಿ ಹಿಡಿದು ಕಂಬದ ಬುಡದಲ್ಲಿ ಕೂತೆ. ಏರಿಸಿದರೆ ಪದುಮ ವಾರವಿಡೀ ಆ ದಡದಲ್ಲಿ, ಊದಿದ ಕಾಲು, ತಲೆನೋವು, ವೈದ್ಯರಿಲ್ಲ. ಏರಿಸದೆ ಬಿಟ್ಟು ಕೆರೆ ನಿಜಕ್ಕೂ ಕೈಬಿಡುತ್ತಿದ್ದರೆ ಪದುಮ ಒಬ್ಬಳೇ ಅಲ್ಲ, ಸಂತೆಗೆ ಹೊರಟ ಅರ್ಧ ಊರೇ ಅದರ ಮೇಲಿರುತ್ತದೆ. ನನ್ನ ನಾಲಿಗೆಯೋ ನನ್ನ ಭಯವೋ, ಯಾವುದು ಸಿಹಿ ಅಂದದ್ದು ಎಂದು ಕೇಳಲು ದೊಡ್ಡವ್ವನೂ ಇರಲಿಲ್ಲ.

ಫಿಲೋಮಿನಾ ಚೀಲ ಹಿಡಿದು ಬಂದರು. ನನ್ನ ಮುಖ ನೋಡಿ, ಮಡಿಲಲ್ಲಿದ್ದ ಬಟ್ಟೆ ನೋಡಿದರು. ಗಾಯಕ್ಕೆ ಹಚ್ಚುವ ಟಿಂಚರ್ ಸೀಸೆ ತೆಗೆದು, ಬೊಗಸೆ ನೀರನ್ನು ಎಲೆಯ ಮೇಲೆ ಹಾಕಿ, ಅದರ ಮೇಲೆ ಒಂದು ಹನಿ ಬಿಟ್ಟರು. ಆ ಹನಿ ನಮ್ಮ ಕೆರೆಯ ನೀರಿಗೆ ಬಿದ್ದರೆ ಶಾಯಿಯಂತೆ ಕಡುನೀಲಿಯಾಗುವುದು ಎಲ್ಲರಿಗೂ ಗೊತ್ತು. ಮೊಣಕಾಲು ತರಚಿಕೊಂಡ ಮಕ್ಕಳ ಔಷಧಿ ತೊಟ್ಟಿಕ್ಕಿದಲ್ಲೆಲ್ಲ ಕೆರೆಯ ಮೇಲೆ ನೀಲಿ ಚುಕ್ಕೆ ಬಿದ್ದಿರುತ್ತದೆ. ಅಂದು ನೀಲಿಯೇನೋ ಬಂತು. ಅಂಚಿನಲ್ಲಿ ಮಾತ್ರ ನೇರಳೆ ಹಣ್ಣು ತಿಂದ ತುಟಿಯ ಹಾಗೆ ಕೆಂಪು.

“ಸರ ಉದ್ದ ಇದ್ರೆ ನೀಲಿ, ತುಂಡಾಗ್ತಾ ಬಂದ್ರೆ ಕೆಂಪು, ಪೂರ್ತಿ ಉದುರಿಹೋದ್ರೆ ಬಣ್ಣನೇ ಇಲ್ಲ. ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ರು” ಎಂದರು.

“ಇದು ಎರಡೂ ಅಲ್ಲವಲ್ಲ ನರ್ಸಮ್ಮ. ದಾಟಬೌದಾ?”

“ನನಗೆ ಗಾಯ ಗೊತ್ತು ಸಿಂಗಾರಮ್ಮ, ಕೆರೆ ಗೊತ್ತಿಲ್ಲ. ಹೆರಿಗೆ ಕೋಣೆ ರೆಡಿ ಮಾಡಿ ಇಡ್ತೀನಿ. ಅದೊಂದು ಹೇಳಬಲ್ಲೆ.”

ನಾನು ಎದ್ದು ಬಟ್ಟೆ ಏರಿಸಿದೆ. ಸಂತೆಗೆ ಹೊರಟವರು ಬುಟ್ಟಿ ಇಳಿಸಿ ನನ್ನನ್ನು ಬಯ್ಯತೊಡಗಿದರು. “ಈ ಪುಕ್ಕಲಿ ಕನಸು ಕಂಡ್ರೂ ಬಟ್ಟೆ ಏರಿಸ್ತಾಳೆ” ಎಂದ ಒಬ್ಬ. ಬಯ್ಯಲಿ ಎಂದುಕೊಂಡು, ಸೀರೆ ಎತ್ತಿ ಕಟ್ಟಿ, ಅವರೆಲ್ಲ ನೋಡುತ್ತಿರುವಾಗಲೇ ನಾನು ಏರಿಸಿದ ಬಟ್ಟೆಯ ಕೆಳಗಿನಿಂದ ಕೆರೆಗೆ ಕಾಲಿಟ್ಟೆ. ಬಯ್ಗುಳ ತಟಕ್ಕನೆ ನಿಂತಿತು.

ನಡುಗೆರೆಯವರೆಗೆ ನೆಲ ಗಟ್ಟಿಯಾಗಿಯೇ ಇತ್ತು. ಹಿಮ್ಮಡಿ ಬಡಿದರೆ ಎಂದಿನ ದಪ್ಪ ಸದ್ದು. ಹೆದರಿಕೆಗೆ ನಾನು ಅಂದು ನಡೆದಷ್ಟು ಬಿರುಸಾಗಿ ಎಂದೂ ನಡೆದಿರಲಿಲ್ಲ. ಆ ದಡ ಹತ್ತಿರವಾದಂತೆ ಸದ್ದು ಬದಲಾಯಿತು. ಹೆಜ್ಜೆ ಎತ್ತಿದರೆ ಚಪ್ ಎನ್ನತೊಡಗಿತು. ಮೊದಲು ಪಾದ ಮುಳುಗಿತು, ಆಮೇಲೆ ಕಾಲಿನ ಹರಡು. ಮೆಟ್ಟಿಲು ಕೈಗೆ ಸಿಗುವಷ್ಟರಲ್ಲಿ ಮೀನಖಂಡದವರೆಗೆ ಇಳಿದಿದ್ದೆ. ನನ್ನ ನಾಲಿಗೆ ಸುಳ್ಳು ಹೇಳಿರಲಿಲ್ಲ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ.

ಮೆಟ್ಟಿಲ ಮೇಲೆ ಪುಟ್ಟಲಿಂಗವ್ವ ಕೂತಿದ್ದಳು. ಸುತ್ತ ಬುಟ್ಟಿಗಳು, ಬುಟ್ಟಿಯ ತುಂಬ ಮೊಳಕೆ ಬಂದ ರಾಗಿ, ಅದನ್ನು ಕೆರೆಯಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದಾಳೆ. ನನ್ನನ್ನು ಕಂಡು ಮುಖ ಅರಳಿಸಿದಳು. “ಬಂದ್ಯಾ ತಾಯಿ. ನಾಕು ದಿನದಿಂದ ಇದೇ ಕೆಲಸ, ನಿನ್ನೆ ಸಂಜೆಯಿಂದ ತೊಳೀತಾನೇ ಇದೀನಿ. ಬಾಣಂತಿಗೆ, ಮಗೀಗೆ ಸರಿ ಹಿಟ್ಟಿಗೆ, ವರ್ಷಕ್ಕಾಗೋಷ್ಟು ಮಾಡಿ ನಿನ್ ಜೊತೇಲಿ ಕಳಿಸಾನ ಅಂತ.”

ಬುಟ್ಟಿಯಿಂದ ಕೆರೆಗೆ ಸೋರುತ್ತಿದ್ದ ನೀರನ್ನು ನೋಡಿದೆ. ಗಂಜಿ ಗಟ್ಟಿಯಾಗಿ ಕೂಸು ನುಂಗದಿದ್ದರೆ ಒಂದು ಚಿಟಿಕೆ ಮೊಳಕೆ ರಾಗಿ ಹಿಟ್ಟು ಹಾಕಿ ಕಲಕುತ್ತೇವೆ. ನೋಡನೋಡುತ್ತಲೇ ಗಂಜಿ ನೀರಾಗಿ ಸಿಹಿಯಾಗುತ್ತದೆ. ನಮ್ಮೂರಿನ ಪ್ರತಿ ಹೆಂಗಸಿಗೂ ಅಡಿಗೆಮನೆಯಲ್ಲಿ ಗೊತ್ತಿರುವ ಸಂಗತಿ. ಅಡಿಗೆಮನೆಯ ಆ ಮಾತನ್ನು ಯಾರೂ ಕೆರೆಯವರೆಗೆ ತಂದಿರಲಿಲ್ಲ. ಉಗುಳಬಾರದು ಎಂದಷ್ಟೇ ಹೇಳಿಕೊಟ್ಟಿದ್ದೆವು. ಪುಟ್ಟಲಿಂಗವ್ವ ಜನ್ಮದಲ್ಲಿ ಕೆರೆಗೆ ಉಗುಳಿದವಳಲ್ಲ.

ಹೇಳಿದಾಗ ಅವಳ ಕೈಯಲ್ಲಿದ್ದ ಬುಟ್ಟಿ ಹಾಗೇ ನಿಂತಿತು. “ನಾನೇನು ಉಗುಳಿದ್ನಾ ಸಿಂಗಾರಿ?” ಎಂದು ಸಣ್ಣ ದನಿಯಲ್ಲಿ ಕೇಳಿದಳು. ಮತ್ತೆ ಮತ್ತೆ ಅದನ್ನೇ ಕೇಳಿದಳು. ಅವಳ ಮೇಲೆ ಕೂಗಾಡಲು ನನಗೆ ಬಾಯಿ ಬರಲಿಲ್ಲ. ಆ ರಾಗಿಯೆಲ್ಲ ನನ್ನ ತಂಗಿಗೇ ತಾನೇ.

ಮೆಟ್ಟಿಲಿಂದ ಹತ್ತಿಪ್ಪತ್ತು ಮಾರು ನೀರು ತೆಳ್ಳಗಾಗಿ, ಅದರ ತಿಳಿ ಗಾಳಿಗೆ ಸರಿಯುತ್ತಾ ನಮ್ಮ ದಡದವರೆಗೆ ಬಂದಿತ್ತು. ಇವತ್ತು ನಡುಗೆರೆ ಗಟ್ಟಿ, ನಾಳೆ ಇರುವುದಿಲ್ಲ. ದಾಟುವುದಾದರೆ ಈಗಲೇ. ಪದುಮ ಗೋಡೆ ಹಿಡಿದು ಬಾಗಿಲಿಗೆ ಬಂದಳು. ಮುಖ ಬಾತು ಕಣ್ಣು ಸಣ್ಣಗಾಗಿತ್ತು. “ಅಕ್ಕ, ಕಣ್ಮುಂದೆ ಮಿಣುಕು ಹುಳ ಹಾರಾಡ್ತವೆ” ಎಂದಳು. ಅದನ್ನು ಕೇಳಿದ ಮೇಲೆ ಬೇರೆ ಮಾತಿಗೆ ಜಾಗವಿರಲಿಲ್ಲ.

ಪುಟ್ಟಲಿಂಗವ್ವ ಒಳಗೆ ಹೋಗಿ ಮೊಮ್ಮಗುವಿಗೆಂದು ಒಣಗಿಸಿ ಇಟ್ಟಿದ್ದ ಕೂವೆ ಹಿಟ್ಟಿನ ಮೂಟೆಯನ್ನು ಎಳೆದು ತಂದು ನೀರಿಗೆ ಸುರಿದಳು. ಆ ಬೀದಿಯ ಹೆಂಗಸರನ್ನು ಹೆಸರು ಹಿಡಿದು ಕೂಗಿದಳು. ಅವರೂ ಮೂಟೆ ತಂದರು, ಒನಕೆ ತಂದರು. ಸಾಲುಗಟ್ಟಿ, ಒಂದೆಡೆ ಕಾಲೂರದೆ ಕುಣಿಯುತ್ತಲೇ, ಹಿಟ್ಟು ಸುರಿದ ದಾರಿಯನ್ನು ಕುಟ್ಟತೊಡಗಿದರು. ಕುಟ್ಟುವವರೆಗೆ ಗಟ್ಟಿ. ಪದುಮಳ ಕೈ ಹಿಡಿದು ಆ ಒನಕೆಗಳ ನಡುವೆ ಇಳಿಸಿದೆ. ಹೊತ್ತುಕೊಂಡು ಹೋಗುವಂತಿರಲಿಲ್ಲ; ಒಂದು ಜೋಡಿ ಕಾಲಿನ ಮೇಲೆ ಎರಡು ಆಳಿನ ಭಾರವನ್ನು ಕೆರೆ ಒಪ್ಪುವುದಿಲ್ಲ. ಅವಳೇ ನಡೆಯಬೇಕಿತ್ತು. ನಡೆದಳು. ತೆಳುನೀರು ದಾಟಿ ಹೆಜ್ಜೆಗೆ ದಪ್ಪ ಸದ್ದು ಬಂದಾಗ ಹಿಂದೆ ಒನಕೆಗಳು ನಿಂತವು, ಹೆಂಗಸರು ಓಡಿ ದಡ ಸೇರಿದರು.

ನಡುಗೆರೆಯಲ್ಲಿ ಅವಳ ನಡಿಗೆ ಸಡಿಲಾಯಿತು.

“ಅಕ್ಕ, ಆಗ್ತಿಲ್ಲ. ಸೊಂಟ ಹಿಡ್ಕಂತು. ಒಂದ್ ಗಳಿಗೆ ನಿಂತ್ಕತೀನಿ.”

“ನಿಲ್ಲಬೇಡ ಪದುಮ. ಅಗೋ ದಡ ಕಾಣ್ತೈತೆ.”

ಅವಳು ನಿಂತಳು. ನಾನು ಅವಳ ಸುತ್ತ ಸುತ್ತುತ್ತಾ ಕಾಲು ಬಡಿದೆ. ಕೆರೆ ಅವಳ ಪಾದ ನುಂಗಿ ಹರಡಿಗೆ ಬಂತು. ತೋಳು ಹಿಡಿದು ಎಳೆಯುವ ಹಾಗಿಲ್ಲ, ಜೋರಾಗಿ ಎಳೆದಷ್ಟೂ ಕೆರೆ ಬಿಗಿಯುತ್ತದೆ. ಮೆಲ್ಲಗೆ ಅವಳೇ ಕಾಲು ಬಿಡಿಸಿಕೊಳ್ಳಬೇಕು, ಬಿಡಿಸಿಕೊಂಡ ಮರುಕ್ಷಣ ಬಿರುಸಾಗಿ ಹೊರಡಬೇಕು. ಅವಳಿಗೆ ಎರಡೂ ಬೇಕಿರಲಿಲ್ಲ. ಕಣ್ಣು ಮುಚ್ಚಿ ಸೊಂಟದ ಮೇಲೆ ಕೈಯಿಟ್ಟು, “ನೀ ಹೋಗಕ್ಕ, ನಾ ಇಲ್ಲೇ ಇರ್ತೀನಿ” ಎಂದಳು, ಜಗಲಿಯ ಮೇಲೆ ಕೂತವಳ ಹಾಗೆ.

ಏನು ಹೇಳಿದರೆ ಇವಳು ನಡೆಯುತ್ತಾಳೆ ಎಂಬುದು ಆಗ ಹೊಳೆಯಿತು. ಹೊಳೆದದ್ದಕ್ಕೆ ನನಗೇ ಹೇಸಿಗೆಯಾಯಿತು. ಆದರೂ ಹೇಳಿದೆ.

“ಅವ್ವ ಕೊನೇಲಿ ಏನಂದ್ಲು ಅಂತ ಕೇಳ್ತಿದ್ಯಲ್ಲ, ಕೇಳು. ನಿನ್ ಹೆಸರೇ ಎತ್ತಲಿಲ್ಲ. ಸಿಂಗಾರಿ ಸಿಂಗಾರಿ ಅಂತ ನನ್ನೊಬ್ಬಳನ್ನೇ ಕರೆದ್ಲು. ಹೆಂಗಾದ್ರೂ ಪದುಮನ್ನ ಕರೆಸ್ಲಾ ಅಂದ್ರೆ, ಅವಳು ಯಾಕೆ, ಬ್ಯಾಡ ಅಂದ್ಲು.”

ಪದುಮ ಕಣ್ಣು ಬಿಟ್ಟಳು. ಅಂಥ ನೋಟವನ್ನು ಅವಳ ಮುಖದಲ್ಲಿ ನಾನು ಕಂಡಿರಲಿಲ್ಲ. “ಸುಳ್ಳು” ಎಂದಳು.

“ನಿಜ. ನೀನು ಆ ದಡದೋಳಾಗಿ ಹೋದೆ, ಅವ್ವನಿಗೆ ನೀ ಯಾಕೆ?” ಎಂದು ತಿರುಗಿ ಹೊರಟುಬಿಟ್ಟೆ. ಹಿಂದಿರುಗಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಕಿವಿ ಮಾತ್ರ ಹಿಂದಿತ್ತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಚಪ್ ಎಂದು ಒಂದು ಕಾಲು ಬಿಡಿಸಿಕೊಂಡ ಸದ್ದು, ಇನ್ನೊಂದು, ಆಮೇಲೆ ಹೆಜ್ಜೆ, ಒಂದರ ಮೇಲೊಂದು, ಧಪ ಧಪ ಧಪ.

“ನಿಂತ್ಕಳೇ ಸುಳ್ಳೀ! ನಿಂತ್ಕಳೇ!”

ನಮ್ಮ ಕೆರೆಯ ಮೇಲೆ ಒಬ್ಬರು ಇನ್ನೊಬ್ಬರಿಗೆ ನಿಲ್ಲು ಎಂದು ಕೂಗಿದ್ದನ್ನು ಊರು ಕೇಳಿದ್ದು ಅದೇ ಮೊದಲು. ನಾನು ನಿಲ್ಲಲಿಲ್ಲ. ದಡದ ಮೆಟ್ಟಿಲ ಮೇಲೆ ಅವಳು ನನ್ನನ್ನು ಹಿಡಿದು, ಬೆನ್ನಿಗೆ ಗುದ್ದಿ, ಇನ್ನೊಂದು ಗುದ್ದಲು ಕೈ ಎತ್ತಿದವಳು ಹೊಟ್ಟೆ ಹಿಡಿದು ಬಗ್ಗಿದಳು. ಫಿಲೋಮಿನಾ ಓಡಿ ಬಂದು ತೋಳು ಕೊಟ್ಟರು.

ಹೊತ್ತು ಇಳಿಯುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಕ್ಷೇಮವೆಂದು ಆಚೆಯವರಿಗೆ ತಿಳಿಯಲು ಕಂಬದ ಕೆಂಪು ಬಟ್ಟೆಯ ಕೆಳಗೆ ಬಿಳಿಯದೊಂದು ಕಟ್ಟಿಸಿದೆ. ಆ ದಡದ ಮೆಟ್ಟಿಲ ಮೇಲೆ ನಾವು ಹೊರಟಾಗಿನಿಂದ ಕದಲದೆ ಕೂತಿದ್ದ ಪುಟ್ಟಲಿಂಗವ್ವ ಅದನ್ನು ಕಂಡು ಎದ್ದು ಎರಡೂ ಕೈ ಎತ್ತಿದ್ದು ಸಣ್ಣಗೆ ಕಂಡಿತು. ಬಿ.ಪಿ. ಇಳಿಯುತ್ತಿದೆ, ಇನ್ನು ಭಯವಿಲ್ಲ ಎಂದರು ಫಿಲೋಮಿನಾ. ಭಯವಿಲ್ಲ ಎನ್ನುವ ಮಾತನ್ನು ನಂಬುವ ಅಭ್ಯಾಸ ನನಗಿಲ್ಲ. ಬಾಗಿಲ ಬಳಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಪದುಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

“ಅಕ್ಕ” ಎಂದಳು, ತಿರುಗದೆ. “ಅವ್ವ ನಿಜವಾಗ್ಲೂ ಬ್ಯಾಡ ಅಂದ್ಲಾ?”

ಅವ್ವನ ಕೊನೆಯ ದಿನಗಳಲ್ಲಿ ಆ ಮಂಚದ ಪಕ್ಕದಿಂದ ನಾನು ಎದ್ದಿರಲಿಲ್ಲ. ನೀರು ಕುಡಿಸಿದೆ, ಮೈ ಒರೆಸಿದೆ, ಕೈ ಹಿಡಿದುಕೊಂಡೇ ಇದ್ದೆ. ಅವಳ ಬಾಯಲ್ಲಿ ಇದ್ದದ್ದು ಒಂದೇ ಹೆಸರು. ಬಾಯಲ್ಲಿ ಇಟ್ಟುಕೊಂಡರೆ ಎಲ್ಲವೂ ಸಿಹಿಯಾಗುತ್ತದೆ ಎಂಬ ದೊಡ್ಡವ್ವನ ಮಾತು ಕೆರೆಗಷ್ಟೇ ಸಲ್ಲುತ್ತದೆ. ಇದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೆ, ಒಂದು ದಿನವೂ ಸಿಹಿಯಾಗಲಿಲ್ಲ. ಉಗಿದೆ.

“ಇಲ್ಲ ಕಣೆ. ಕೆರೆ ಮ್ಯಾಲೆ ಅಂದಿದ್ದು ಸುಳ್ಳು. ನಿನ್ನೇ ಕರೆದ್ಲು. ಪದುಮ ಪದುಮ ಅಂತ ಹಗಲೂ ರಾತ್ರಿ ನಿನ್ನೊಬ್ಬಳನ್ನೇ. ನಾನು ಇಲ್ಲೇ ಇದೀನಿ ಕಣವ್ವಾ ಅಂದೆ. ಕಣ್ಬಿಟ್ಟು ನೋಡಿ, ‘ನೀನಲ್ಲ’ ಅಂದ್ಲು. ಅದೇ ಅವಳ ಕೊನೆ ಮಾತು.”

ಪದುಮ ತಿರುಗಿದಳು. ಅಳುತ್ತಾಳೆ ಎಂದುಕೊಂಡೆ, ಇಲ್ಲವೇ ಬಯ್ಯುತ್ತಾಳೆ. ಅವಳು ಮಗುವನ್ನು ಎದೆಗೆ ಎಳೆದುಕೊಂಡು, ಊದಿದ ಕಾಲುಗಳನ್ನು ಒಂದೊಂದಾಗಿ ಸರಿಸಿ ಮಂಚದ ಮೇಲೆ ಜಾಗ ಮಾಡಿದಳು.

“ಕೂತ್ಕೋ ಬಾ ಅಕ್ಕ” ಎಂದಳು. “ಬೆಳಗಿಂದ ಒಂದ್ ಕಡೆ ನಿಂತಿಲ್ಲ ನೀನು.”

ನಾನು ಹೋಗಿ ಕೂತೆ.